ಪೋಲೋ ಒಬ್ಬನೇ ಇದ್ದ ಜಾಗ

20 ನವೆಂಬರ್ 2024, ಬುಧವಾರ
ಮೈಸೂರು

ಇವತ್ತು ಅಪ್ಪನನ್ನೂ ಮಗಳನ್ನೂ ಕರ್ಕೊಂಡು ಝೂಗೆ ಹೋಗಿದ್ದೆ. ಒಂದೇ ಊರಲ್ಲಿದ್ದರೂ ಅಲ್ಲಿಗೆ ಕಾಲಿಡದೆ ನಾಲ್ಕೈದು ವರ್ಷ ಆಗಿತ್ತು. ಅಪ್ಪನಿಗೆ ಮಂಡಿ ನೋವು. ಬ್ಯಾಟರಿ ಗಾಡಿಯಲ್ಲಿ ಹೋಗೋಣ ಅಂದರೆ ಕೇಳಲಿಲ್ಲ. "ಇದನ್ನ ನಡೆದೇ ನೋಡಬೇಕಮ್ಮ" ಅಂತ ಕೋಲು ಊರಿಕೊಂಡು ಮುಂದೆ ನಡೆದರು.

ನಾನು ಬೆಳೆದಿದ್ದು ಇಟ್ಟಿಗೆಗೂಡಿನಲ್ಲಿ. ಬೆಳಗಿನ ಜಾವ ಸಿಂಹ ಗರ್ಜಿಸಿದರೆ ನಮ್ಮ ನಡುಮನೆಗೇ ಕೇಳುತ್ತಿತ್ತು. ಬೇರೆ ಊರಿಂದ ಬಂದ ನೆಂಟರು ಗಾಬರಿಯಾಗಿ ಎದ್ದು ಕೂರುತ್ತಿದ್ದರು. "ಅದು ನಮ್ಮ ಝೂದು, ಮಲಗಿ" ಅಂತ ಅಜ್ಜಿ ಇನ್ನೊಂದು ಮಗ್ಗುಲಿಗೆ ತಿರುಗುತ್ತಿದ್ದರು.

ಈ ಝೂ ಶುರುವಾಗಿದ್ದು 1892ರಲ್ಲಿ. ಹತ್ತನೇ ಚಾಮರಾಜೇಂದ್ರ ಒಡೆಯರು ಅರಮನೆಗೆ ಸೇರಿದ ಹತ್ತು ಎಕರೆ ಜಾಗದಲ್ಲಿ ಕಟ್ಟಿಸೋಕೆ ಶುರುಮಾಡಿದರು. ಎರಡೇ ವರ್ಷಕ್ಕೆ, 1894ರಲ್ಲಿ ತೀರಿಕೊಂಡರು. ಜನರಿಗೆ ಬಾಗಿಲು ತೆರೆದಿದ್ದು 1902ರಲ್ಲಿ. ಆನೆ ನೋಡಿ ಕುಣಿಯುವ ಒಂದು ಮಗುವನ್ನೂ ಅವರು ಇಲ್ಲಿ ನೋಡಲಿಲ್ಲ ಅಂತ ನೆನೆದರೆ ನನಗೆ ಸಂಕಟ ಆಗುತ್ತೆ. 'ಅರಮನೆ ಝೂ' ಅನ್ನಿಸಿಕೊಂಡಿದ್ದ ಜಾಗಕ್ಕೆ 1909ರಲ್ಲಿ ಅವರದೇ ಹೆಸರಿಟ್ಟರು. ಮರಗಿಡಗಳ ಏರ್ಪಾಡಿನ ಹಿಂದೆ ಜರ್ಮನಿಯ ಕ್ರುಂಬಿಗಲ್ ಅವರ ಕೈಯಿದೆ. ಲಾಲ್‌ಬಾಗನ್ನು ಬೆಳೆಸಿದವರೂ ಅವರೇ.

ಸಿಂಗಳೀಕಗಳ ಮುಂದೆ ನಾವು ಅರ್ಧ ಗಂಟೆ ನಿಂತೆವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಒಂದು ಹೆಣ್ಣು ಕೈಗೆ ಸಿಕ್ಕ ಹಣ್ಣನ್ನೆಲ್ಲ ಅಗಿಯದೆ ಕೆನ್ನೆಗೆ ತುರುಕಿಕೊಳ್ಳುತ್ತಿತ್ತು. ಎರಡೂ ಕಡೆ ಉಬ್ಬಿ ಮಂಗನಬಾವು ಬಂದ ಹಾಗೆ ಕಾಣುತ್ತಿತ್ತು. ಆಮೇಲೆ ಮೇಲಿನ ಕೊಂಬೆಗೆ ಹೋಗಿ ಕೂತು, ಕೈಯ ಹಿಂಭಾಗದಿಂದ ಕೆನ್ನೆ ಒತ್ತಿಕೊಂಡು ಒಂದೊಂದೇ ತುಂಡನ್ನು ಬಾಯಿಗೆ ತಂದುಕೊಂಡಿತು. ಅದರ ಹೊಟ್ಟೆಗೆ ಒಂದು ಮರಿ ಅಂಟಿಕೊಂಡಿತ್ತು. ಇನ್ನೂ ಕೇಸರ ಬಂದಿಲ್ಲ, ಬರೀ ಕಣ್ಣು.

ಇವು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿಲ್ಲ. ಮರದಿಂದ ಮರಕ್ಕೆ ಹೋಗಿ ಬದುಕುವ ಜೀವ. ನಡುವೆ ರಸ್ತೆಯೋ ತೋಟವೋ ಬಂದರೆ ಒಂದು ಗುಂಪು ಆಚೆ, ಇನ್ನೊಂದು ಈಚೆ ಆಗಿಬಿಡುತ್ತವೆ. ಹೆರುವುದು ಒಂದೇ ಮರಿ, ಅದೂ ವರ್ಷವರ್ಷ ಅಲ್ಲ. ಒಂದು ಸತ್ತರೆ ಆ ಜಾಗ ತುಂಬೋದು ಬಹಳ ನಿಧಾನ. ಅದಕ್ಕೇ ಇಲ್ಲಿ ಸಿಂಗಳೀಕ, ಕಾಟಿ, ತೋಳ, ಸೀಳುನಾಯಿಗಳ ಸಂತಾನ ಉಳಿಸುವ ಕೆಲಸಕ್ಕೆ ಮಹತ್ವ ಕೊಟ್ಟಿದ್ದಾರೆ. ಜನ ಹುಲಿಯ ಮುಂದೆ ಜಾಸ್ತಿ ನಿಲ್ಲುತ್ತಾರೆ. ನನಗೆ ಈ ಝೂ ದೊಡ್ಡದು ಅನ್ನಿಸೋದು ಸೀಳುನಾಯಿಯ ಮುಂದೆ. ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಕೂರ್ಗಳ್ಳಿಯಲ್ಲಿ ಝೂನವರ ಪುನರ್ವಸತಿ ಕೇಂದ್ರ ಇದೆ. ಗಾಯಗೊಂಡ, ಊರಿಗೆ ನುಗ್ಗಿ ಸಿಕ್ಕಿಬಿದ್ದ ಹುಲಿ, ಚಿರತೆಗಳನ್ನು ಅಲ್ಲಿ ಸಾಕುತ್ತಾರೆ. ನಮಗೆ ಅಲ್ಲಿ ಪ್ರವೇಶವಿಲ್ಲ. ಇಲ್ಲದಿರೋದೇ ಸರಿ.

ಆಮೇಲೆ ಗೊರಿಲ್ಲಾ ಇರುವ ಕಡೆ ಬಂದೆವು. ಅಪ್ಪ ಅಲ್ಲಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಸುಮ್ನೆ ನಿಂತುಬಿಟ್ಟರು.

ನಮ್ಮ ಕಾಲದಲ್ಲಿ ಇಲ್ಲಿ ಇದ್ದವನು ಪೋಲೋ. 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಬಂದವನು. ಎಷ್ಟೋ ವರ್ಷ ಇಡೀ ದೇಶಕ್ಕೆ ಅವನೊಬ್ಬನೇ ಗೊರಿಲ್ಲಾ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ನಾನು ನೋಡಿದಾಗಲೆಲ್ಲ ಒಬ್ಬನೇ ಕೂತಿರುತ್ತಿದ್ದ. ಜನ ಕೂಗಿದರೆ ಒಂದು ಸಲ ತಿರುಗಿ ನೋಡಿ ಮತ್ತೆ ಬೆನ್ನು ಹಾಕುತ್ತಿದ್ದ. ಗೊರಿಲ್ಲಾ ಗುಂಪಿನಲ್ಲಿ ಬದುಕುವ ಪ್ರಾಣಿ. ಅವನಿಗೊಂದು ಜೊತೆ ತರಬೇಕು ಅನ್ನೋ ಪ್ರಯತ್ನ ವರ್ಷಗಟ್ಟಲೆ ನಡೀತು, ಕೈಗೂಡಲಿಲ್ಲ. 2014ರಲ್ಲಿ ಹೋಗಿಬಿಟ್ಟ. ಅವತ್ತು ನಮ್ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಈಗ ಇಬ್ಬರಿದ್ದಾರೆ. ತಾಬೋ, ಡೆಂಬಾ. 2021ರಲ್ಲಿ ಜರ್ಮನಿಯಿಂದ ಬಂದ ಗಂಡು ಜೋಡಿ. ಇವತ್ತು ಒಬ್ಬ ಹುಲ್ಲಿನ ಮೇಲೆ ಕೂತು ಸೊಪ್ಪಿನ ಕಡ್ಡಿಯ ಸಿಪ್ಪೆ ಹಲ್ಲಿನಿಂದ ಎಳೀತಾ ಇದ್ದ. ಇನ್ನೊಬ್ಬ ಹಿಂದಿನಿಂದ ಬಂದು ಅವನ ಪಕ್ಕದಲ್ಲೇ ಕೂತ. ಅಷ್ಟೇ. ಒಬ್ಬರನ್ನೊಬ್ಬರು ನೋಡಲೂ ಇಲ್ಲ.

"ತಾತ, ಪೋಲೋ ಜೊತೆ ಯಾರೂ ಇರಲಿಲ್ವಾ?" ಅಂತ ಮಗಳು ಕೇಳಿದಳು.

"ಇರಲಿಲ್ಲ ಪುಟ್ಟಿ" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಇವರು ಚೆನ್ನಾಗಿದ್ದಾರೆ ಅಲ್ವಾ?" ಅಂತ ನನ್ನನ್ನು ಕೇಳಿದರು.

ಹೊರಗೆ ಬರುವಾಗ ದತ್ತು ಯೋಜನೆಯ ವಿಷಯ ಬಂತು. ಇದು 2001ರಿಂದ ಇದೆ. ಪ್ರಾಣಿಯ ಖರ್ಚನ್ನು ಯಾರು ಬೇಕಾದರೂ ವಹಿಸಿಕೊಳ್ಳಬಹುದು. ಝೂ ನಡೆಯೋದು ಹೆಚ್ಚಾಗಿ ಟಿಕೆಟ್ ದುಡ್ಡಿನಲ್ಲಿ. 2020ರಲ್ಲಿ ಕೊರೊನಾದಿಂದ ಗೇಟು ಮುಚ್ಚಿದಾಗ ಎಷ್ಟೋ ಜನ ಹೀಗೆ ಮುಂದೆ ಬಂದು ನೆರವಾದರು. ಅಪ್ಪ ತಮ್ಮ ಪಿಂಚಣಿ ದುಡ್ಡಲ್ಲಿ ಒಂದು ಸಿಂಗಳೀಕಕ್ಕೆ ಕೊಡ್ತೀನಿ ಅಂತ ಹಟ ಹಿಡಿದರು. ಆಫೀಸಿನಲ್ಲಿ ಯಾರ ಹೆಸರಿಗೆ ಬರೀಬೇಕು ಅಂತ ಕೇಳಿದರು. ಅಪ್ಪ ಅಜ್ಜಿಯ ಹೆಸರು ಹೇಳಿದರು.