ಸೌತ್‌ಡೇಲ್‌ಗೆ ಹೋಗಿ ಬಂದೆ

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಹೋದವರು ಸಾಮಾನ್ಯವಾಗಿ ಮಾಲ್ ಆಫ್ ಅಮೆರಿಕ ನೋಡುತ್ತಾರೆ. ನಾನು ಹಟ ಹಿಡಿದು ಹೋಗಿದ್ದು ಈಡೈನಾ ಎಂಬ ಉಪನಗರದ ಸೌತ್‌ಡೇಲ್ ಸೆಂಟರ್‌ಗೆ. "ಅಲ್ಲೇನಿದೆ ಅಣ್ಣ? ಎಲ್ಲ ಕಡೆ ಇರೋ ಥರದ್ದೇ ಮಾಲ್" ಎಂದಳು ಕಾರು ಓಡಿಸುತ್ತಿದ್ದ ತಂಗಿ. ನನಗೆ ಬೇಕಾಗಿದ್ದೂ ಅದೇ. ಎಲ್ಲ ಕಡೆ ಇರುವ ಆ ಥರ ಶುರುವಾಗಿದ್ದು ಇಲ್ಲಿ.

ಹೊರಗೆ ಕೊರೆಯುವ ಚಳಿ. ಒಳಗೆ ಕಾಲಿಟ್ಟ ಕೂಡಲೇ ಜಾಕೆಟ್ ಬಿಚ್ಚಬೇಕಾಯಿತು. ಸೌತ್‌ಡೇಲ್‌ನ ಗುಟ್ಟೇ ಈ ಬೆಚ್ಚಗಿನ ಗಾಳಿ. ಮಿನೆಸೋಟಾದಲ್ಲಿ ಚಳಿಗಾಲ ಭಯಂಕರ, ಬೇಸಿಗೆಯಲ್ಲಿ ಸೆಕೆಯೂ ಜಾಸ್ತಿ. ಹಾಗಾಗಿ 1956ರ ಅಕ್ಟೋಬರ್ 8ರಂದು ಬಾಗಿಲು ತೆರೆದ ಈ ಮಾಲ್‌ಗೆ ಪೂರ್ತಿ ಸೂರು ಹೊದಿಸಿ, ವರ್ಷವಿಡೀ 24 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಂತೆ ನೋಡಿಕೊಂಡರು. 72 ಅಂಗಡಿ, ಸುಮಾರು 5,200 ಕಾರುಗಳಿಗೆ ಜಾಗ, 2 ಕೋಟಿ ಡಾಲರ್ ಖರ್ಚು. ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಎಂಬ ಎರಡು ಎದುರಾಳಿ ಅಂಗಡಿಗಳು ಒಂದೇ ಸೂರಿನಡಿ ಬಂದಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ನಡುವಿನ ಅಂಗಳದಲ್ಲಿ ತುಂಬಾ ಹೊತ್ತು ನಿಂತೆ. ಮೇಲಿನಿಂದ ಬೆಳಕು, ಎಸ್ಕಲೇಟರ್, ಶಿಲ್ಪಿ ಹ್ಯಾರಿ ಬರ್ಟೋಯಾ ಲೋಹದಲ್ಲಿ ಮಾಡಿದ ಎರಡು ಬಂಗಾರ ಬಣ್ಣದ ಮರಗಳು. ಮೊದಲು ಇಲ್ಲಿ ಗಿಡಗಳು, ಕೆಫೆ, ಎರಡಾಳಿಗಿಂತ ಎತ್ತರದ ಹಕ್ಕಿ ಪಂಜರ ಎಲ್ಲ ಇದ್ದವು. ಮರಗಳು ಉಳಿದಿವೆ, ಪಂಜರ ಇಲ್ಲ.

ಇದನ್ನು ವಿನ್ಯಾಸ ಮಾಡಿದವರು ವಿಕ್ಟರ್ ಗ್ರುಯೆನ್. ವಿಯೆನ್ನಾದ ಯಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅಮೆರಿಕಕ್ಕೆ ಓಡಿ ಬಂದವರು. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಅಮೆರಿಕದ ಬಡಾವಣೆಗಳನ್ನು ಕಂಡು ಅವರಿಗೆ ಬೇಸರ. ಜನ ಸುಮ್ನೆ ನಡೆದಾಡುವ, ಕೂತು ಕಾಫಿ ಕುಡಿಯುವ, ಪರಿಚಯದವರು ಸಿಗುವ ವಿಯೆನ್ನಾದಂಥ ಊರ ನಡುವನ್ನು ಇಲ್ಲಿ ಕಟ್ಟಬೇಕೆಂಬ ಆಸೆ. ಅವರ ನಕ್ಷೆಯಲ್ಲಿ ಮಾಲ್ ಒಂದು ಭಾಗ ಮಾತ್ರ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕ್, ಕೆರೆ ಬರಬೇಕಿತ್ತು.

ಹಾಗಾಗಲಿಲ್ಲ. ಮಾಲ್ ಬಂದಿದ್ದೇ ತಡ, ಸುತ್ತಲಿನ ಜಾಗದ ಬೆಲೆ ಏರಿತು. ಗ್ರುಯೆನ್ ಬಯಸಿದಂತೆ ಅಲ್ಲೊಂದು ಊರು ಮೂಡಲಿಲ್ಲ, ಕಾರುಗಳ ಬಯಲು ಉಳಿಯಿತು. ಮಾಲ್ ತೆರೆದ ಹೊಸತರಲ್ಲಿ ನೋಡಲು ಬಂದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೂ ಇದು ಹಿಡಿಸಲಿಲ್ಲ. ಇಲ್ಲಿನ ಅಂಗಳದಲ್ಲಿ ಹಳ್ಳಿ ಬೀದಿಯ ಕೆಡುಕಷ್ಟೇ ಇದೆ, ಚೆಲುವಿಲ್ಲ ಎಂದರು. ಬೇರೆಯವರು ಮಾತ್ರ ಅಂಗಡಿಯನ್ನೂ ಪಾರ್ಕಿಂಗನ್ನೂ ನಕಲು ಮಾಡಿ ದೇಶ ತುಂಬಾ ಕಟ್ಟಿದರು. ಗ್ರುಯೆನ್ 1968ರಲ್ಲಿ ವಿಯೆನ್ನಾಗೆ ಮರಳಿದರು. ಈ ಮಾಲ್‌ಗಳ ಹೊಣೆ ತನ್ನದಲ್ಲ ಎಂದು 1978ರಲ್ಲಿ ಖಾರವಾಗಿ ಹೇಳಿದರು. ಅಷ್ಟರಲ್ಲಿ ವಿಯೆನ್ನಾದ ಹೊರವಲಯದಲ್ಲೂ ಒಂದು ದೊಡ್ಡ ಮಾಲ್ ಎದ್ದಿತ್ತು. ಆ ಮನುಷ್ಯನ ಸಂಕಟ ನೆನೆದರೆ ನನಗೆ ನಿಜಕ್ಕೂ ಹೊಟ್ಟೆ ಚುರ್ ಎನ್ನುತ್ತದೆ. ಕನಸಿನ ಅರ್ಧ ಮಾತ್ರ ಕಟ್ಟಿದರೆ ಹೀಗೇ ಅಲ್ವಾ?

ಹೊರಗೆ ಬಂದು ಮಾಲ್ ಸುತ್ತ ಒಂದು ಸುತ್ತು ನಡೆಯೋಣ ಎಂದೆ. ತಂಗಿ ಬೇಡವೆಂದರೂ ಬಂದಳು. ಪಾರ್ಕಿಂಗ್ ಅಂಚಿನಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ. ಜೆಸಿ ಪೆನಿ ಅಂಗಡಿ ಇದ್ದ ಜಾಗದಲ್ಲಿ ದೊಡ್ಡ ಜಿಮ್ ಬಂದಿದೆ. ಗ್ರುಯೆನ್ ಕೇಳಿದ್ದ ಮನೆಗಳು ಅರ್ಧ ಶತಮಾನದ ಮೇಲೆ ಬರುತ್ತಿವೆ. ನನಗೆ ಇಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಸಂಜೆ ಡೌನ್‌ಟೌನ್‌ಗೆ ಹೋದೆವು. ಗಿರಾಕಿಗಳು ಸೌತ್‌ಡೇಲ್ ಕಡೆ ಹರಿದಾಗ ನಗರದ ವ್ಯಾಪಾರಿಗಳು 1962ರಿಂದ ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಸೇತುವೆ ಕಟ್ಟತೊಡಗಿದರು. ಇವನ್ನು ಸ್ಕೈವೇ ಎನ್ನುತ್ತಾರೆ. ಚಳಿ ತಾಗದೆ ಮೈಲಿಗಟ್ಟಲೆ ನಡೆಯಬಹುದು. ನಿಕೊಲೆಟ್ ಬೀದಿಯ ಹಳೆಯ ಡೇಟನ್ಸ್ ಅಂಗಡಿ ಮಾತ್ರ ಉಳಿಯಲಿಲ್ಲ. ಹೆಸರು ಬದಲಾಗುತ್ತಾ ಮೇಸೀಸ್ ಆಗಿ 2017ರಲ್ಲಿ ಮುಚ್ಚಿತು. ಅದೇ ಡೇಟನ್ ಕಂಪನಿ 1962ರಲ್ಲಿ ಶುರು ಮಾಡಿದ ಟಾರ್ಗೆಟ್ ಇಂದು ಅಮೆರಿಕದ ತುಂಬಾ ಇದೆ. ಅದರ ಮುಖ್ಯ ಕಚೇರಿ ಇರುವುದೂ ಇದೇ ನಿಕೊಲೆಟ್ ಬೀದಿಯಲ್ಲಿ.