ಎಣ್ಣೆಗೆ ಕೈ ಹಾಕೋ ಮೊದಲು ಕೇಬಲ್ ನೋಡಿ

ಮೂರು ಭಾನುವಾರ ನಾನು ಪೆಟ್ರೋಲಿಗೆ ಬೈದೆ, ಅದಕ್ಕೆ ಬೆರೆಸೋ ಎಣ್ಣೆಗೆ ಬೈದೆ, ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಮಾರಿದವನಿಗೂ ಮನಸ್ಸಲ್ಲೇ ಬೈದೆ. ತಪ್ಪು ಇದ್ದದ್ದು ಕೇಬಲಿನಲ್ಲಿ. ಕಟ್ಟಿದವನು ನಾನೇ.

ನಮ್ಮದು 12 ಅಡಿಯ ಪುಟ್ಟ ರೇಸ್ ದೋಣಿ. ಪ್ಲೈವುಡ್, ಮೇಲೆ ಫೈಬರ್. ಹಿಂದೆ 25 ಎಚ್‌ಪಿಯ ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸೋದು. ಸಿಲಿಂಡರ್ ಎರಡು, ಒಂದರ ಮೇಲೊಂದು. ಮೀನುಗಾರರೊಬ್ಬರ ಹತ್ತಿರ ಕೊಂಡದ್ದು. ಪೆಟ್ರೋಲಿಗೆ ಗಾಳಿ ಬೆರೆಸುವ ಅದರ ಕಾರ್ಬುರೇಟರ್ ತೆಗೆದು, ಬೈಕಿನ ಸ್ಲೈಡ್ ಕಾರ್ಬುರೇಟರ್ ಎರಡನ್ನು ಕೂರಿಸಿದ್ದೇವೆ. ಸ್ಲೈಡ್ ಅಂದರೆ ಕಾರ್ಬುರೇಟರ್ ಬಾಯಿಗೆ ಅಡ್ಡ ಏರಿಳಿಯುವ ಬಾಗಿಲು. ಕಾಲಿನ ಪೆಡಲಿನಿಂದ ಒಂದು ಕೇಬಲ್ ಬಂದು, ನಡುವೆ ಎರಡಾಗಿ ಒಡೆದು, ಎರಡೂ ಕಾರ್ಬುರೇಟರಿಗೆ ಹೋಗುತ್ತದೆ. ಗೋವಾದ ಝುವಾರಿನಗರದಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದಿದ್ದೇವೆ. ನಾನು ಗದಗಿನವನು, ಇನ್ನೊಬ್ಬ ಕಾರವಾರದವನು, ಮೂರನೆಯವನು ವಾಸ್ಕೋದಲ್ಲೇ ಹುಟ್ಟಿದ ಹುಬ್ಬಳ್ಳಿ ಮನೆಯ ಹುಡುಗ. ಶೆಡ್ ಒಳಗೆ ಕನ್ನಡ, ಬಾಗಿಲು ದಾಟಿದರೆ ಕೊಂಕಣಿ, ಹಿಂದಿ.

ಈ ಹುಚ್ಚು ನನಗೆ ಹತ್ತಿದ್ದು ಮುಂಬೈಯಲ್ಲಿ. 2017ರ ಮಾರ್ಚ್‌ನಲ್ಲಿ ಮರೀನ್ ಡ್ರೈವ್ ಎದುರು ಪಿ1 ಪವರ್‌ಬೋಟ್ ರೇಸ್ ಆಗಿತ್ತು. ಕಟ್ಟೆ ಮೇಲೆ ಕೂತು ಶೇಂಗಾ ತಿನ್ನುತ್ತಾ ನೋಡಿದ್ದೆ. ಆ ದೋಣಿಗಳೆಲ್ಲಿ, ನಮ್ಮದೆಲ್ಲಿ, ಬಿಡಿ.

ಮಳೆಗಾಲ ಮುಗಿದ ಮೇಲೆ ಮೊದಲ ಸಲ ಕುಠ್ಠಾಳಿ ಹತ್ತಿರ ಝುವಾರಿ ನದಿಗೆ ಇಳಿಸಿದೆವು. ಬೆಳಿಗ್ಗೆ ಆರೂವರೆಗೇ ಹೋಗಬೇಕು. ಹೊತ್ತೇರಿದರೆ ಸಮುದ್ರದ ಗಾಳಿ ಎದ್ದು ನೀರು ಕುಣಿಯೋಕೆ ಶುರು ಮಾಡುತ್ತದೆ. ಅವತ್ತು ನೀರು ಕನ್ನಡಿ ಹಾಗಿತ್ತು, ಎಂಜಿನ್ ಮಾತ್ರ ಗೊರಗೊರ ಅನ್ನುತ್ತಿತ್ತು. ಅರ್ಧ ಪೆಡಲಿಗೆ ಕೆಮ್ಮು, ಪೂರ್ತಿ ಒತ್ತಿದರೆ ಗಂಟೆಗೆ 50 ಕಿಲೋಮೀಟರ್ ದಾಟಲ್ಲ. ಪ್ಲಗ್ ಬಿಚ್ಚಿ ನೋಡಿದೆ. ಮೇಲಿನ ಸಿಲಿಂಡರಿನದು ಸುಣ್ಣದ ಹಾಗೆ ಬೆಳ್ಳಗೆ. ಕೆಳಗಿನದು ಕಾಡಿಗೆಯಂತೆ ಕಪ್ಪು, ಮೇಲೆ ಎಣ್ಣೆಯ ಪಸೆ.

ಕಪ್ಪು ಕಂಡ ಕೂಡಲೇ ಎಣ್ಣೆ ಜಾಸ್ತಿ ಆಗಿದೆ ಅಂತ ತೀರ್ಮಾನ ಮಾಡಿದೆ. ಹತ್ತು ಲೀಟರ್ ಪೆಟ್ರೋಲಿಗೆ 300 ಮಿಲಿ ಹಾಕುತ್ತಿದ್ದೆ, 200ಕ್ಕೆ ಇಳಿಸಿದೆ. ಕಪ್ಪು ಹಾಗೇ ಇತ್ತು. ಮುಂದಿನ ವಾರ ಕೆಳಗಿನ ಕಾರ್ಬುರೇಟರಿಗೆ ಸಣ್ಣ ಜೆಟ್ ಹಾಕಿದೆ. ಆಗ ಕೆಮ್ಮಿನ ಜೊತೆ ಬಿಕ್ಕಳಿಕೆಯೂ ಬಂತು. ಮೂರನೇ ವಾರ ಹುಟ್ಟು ಹಾಕಿಕೊಂಡೇ ದಡಕ್ಕೆ ಬಂದೆವು.

ಶೆಡ್ ಪಕ್ಕ ಒಬ್ಬ ಕಾಕಾ ಬೈಕ್ ರಿಪೇರಿ ಮಾಡುತ್ತಾರೆ. ಬಾಗಲಕೋಟೆ ಕಡೆಯವರು. ಹುಬ್ಬಳ್ಳಿಯಲ್ಲಿದ್ದಾಗ 80ರ ದಶಕದ ರಾಜ್‌ದೂತ್ 350 ಗಾಡಿಗಳನ್ನು ಸಾಕಷ್ಟು ಟ್ಯೂನ್ ಮಾಡಿದವರು. ಅದೂ ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಇದು ನನಗೆ ಗೊತ್ತಿತ್ತು. ಆದರೂ ಕೇಳಿರಲಿಲ್ಲ. ದೋಣಿ ಎಂಜಿನ್ ಬೈಕಿನವರಿಗೇನು ಗೊತ್ತು ಅನ್ನೋ ಸಣ್ಣ ಜಂಬ.

ಕಾಕಾ ಎರಡೂ ಪ್ಲಗ್ ಅಂಗೈಲಿ ಇಟ್ಟುಕೊಂಡು ಕೇಳಿದರು.

"ಎರಡಕ್ಕೂ ಟಾಕಿ ಒಂದ ಏನೋ?"

"ಹೌದ್ರಿ ಕಾಕಾ."

"ಮತ್ತ ಎರಡೂ ಒಂದ ಕೊಡದ ನೀರು ಕುಡೀತಾವ. ಒಂದಕ್ಕ ಮಾತ್ರ ನೆಗಡಿ ಆದ್ರ ನೀರಿಂದೇನು ತಪ್ಪು?"

ಪಕ್ಕದಲ್ಲಿದ್ದ ಒಂದು ಹಳೇ ಸೈಕಲ್ ಚಕ್ರದಿಂದ ಎರಡು ಸ್ಪೋಕ್ ಕತ್ತರಿಸಿದರು. ಒಂದೇ ಚಕ್ರದ ಸ್ಪೋಕ್ ಯಾಕೆ ಅಂದರೆ ದಪ್ಪ ಒಂದೇ ಇರುತ್ತದೆ. ಕಾರ್ಬುರೇಟರ್ ಬಾಯಿ ಬಿಚ್ಚಿಸಿ, ಎರಡೂ ಸ್ಲೈಡಿನ ಕೆಳಗೆ ಒಂದೊಂದು ಸ್ಪೋಕ್ ಸಿಕ್ಕಿಸಿದರು. ಸ್ಪ್ರಿಂಗ್ ಒತ್ತಡಕ್ಕೆ ಸ್ಪೋಕ್ ಹಿಡಿದುಕೊಂಡು ನಿಂತವು. "ಈಗ ಪೆಡಲ್ ಒತ್ತು. ಮೆಲ್ಲಕ." ಒತ್ತಿದೆ. ಮೇಲಿನ ಸ್ಪೋಕ್ ಟಣ್ ಅಂತ ಬಿತ್ತು. ಕೆಳಗಿನದು ಬೀಳಲಿಲ್ಲ. ಇನ್ನೂ ಒತ್ತಿದೆ. ಆಮೇಲೆ ಬಿತ್ತು.

"ಒಂದು ಎತ್ತು ಹೊಲದಾಗ, ಇನ್ನೊಂದು ಇನ್ನೂ ಕೊಟ್ಟಿಗ್ಯಾಗ," ಅಂದರು ಕಾಕಾ.

ಪೂರ್ತಿ ಪೆಡಲ್ ಒತ್ತಿಸಿ ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಸ್ಲೈಡ್ ಇನ್ನೂ ಮೂರು ಮಿಲಿಮೀಟರ್ ಬಾಯಿಗೆ ಅಡ್ಡ ಇಳಿಬಿದ್ದಿತ್ತು. ಅಂದರೆ ಕೆಳಗಿನ ಸಿಲಿಂಡರ್ ಅರೆಬರೆ ಕೆಲಸ ಮಾಡುತ್ತಾ ತಣ್ಣಗೆ ಕೂತು ಪ್ಲಗ್‌ಗೆ ಮಸಿ ಹಿಡಿಸಿಕೊಂಡಿತ್ತು. ಭಾರವೆಲ್ಲ ಹೊತ್ತು ಕಾಯುತ್ತಿದ್ದದ್ದು ಮೇಲಿನದು. ಹಾಗೆ ಕಾದ ಪಿಸ್ಟನ್ನಿಗೆ ನಾನು ಎಣ್ಣೆಯನ್ನೂ ಕಡಿಮೆ ಮಾಡಿದ್ದೆ! ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗದೆ ಉಳಿದದ್ದೇ ದೊಡ್ಡದು.

ಸರಿ ಮಾಡಿದ ಕ್ರಮ ಹೀಗಿತ್ತು. ಮೊದಲು ಎರಡೂ ಕೇಬಲ್ ಪೂರ್ತಿ ಸಡಿಲ ಬಿಟ್ಟೆವು. ಕಾಲು ತೆಗೆದಾಗ ಸ್ಲೈಡ್ ಕೂರಬೇಕಾದ್ದು ಐಡಲ್ ಸ್ಕ್ರೂ ಮೇಲೆ, ಎಂಜಿನ್ನಿನ ಮೆಲ್ಲನೆ ಓಟ ಹಿಡಿಯೋ ಸ್ಕ್ರೂ ಅದು. ಕೇಬಲಿಗೆ ಜೋತು ಬಿದ್ದಿದ್ದರೆ ಐಡಲ್ ಎಷ್ಟು ತಿರುಗಿಸಿದರೂ ದಂಡ. ಆಮೇಲೆ ಅಡ್ಜಸ್ಟರ್ ತಿರುಗಿಸಿ ಎರಡಕ್ಕೂ ಎರಡೆರಡು ಮಿಲಿಮೀಟರ್ ಆಟ ಬಿಟ್ಟು, ಸ್ಪೋಕ್ ಸಿಕ್ಕಿಸಿ, ಕಾಲು ಸುತ್ತು ಇತ್ತ, ಕಾಲು ಸುತ್ತು ಅತ್ತ. ಎರಡೂ ಸ್ಪೋಕ್ ಒಂದೇ ಸದ್ದಲ್ಲಿ ಬೀಳೋಕೆ ಮುಕ್ಕಾಲು ಗಂಟೆ ಬೇಕಾಯಿತು. ಲಾಕ್ ನಟ್ ಬಿಗಿ ಮಾಡುವಾಗ ಮತ್ತೆ ಸರಿಯಿತು. ಮತ್ತೆ ಮೊದಲಿಂದ. ಕೊನೆಗೆ ಪೆಡಲ್ ಕೆಳಗೆ ಒಂದು ಬೋಲ್ಟ್ ಕೊಟ್ಟೆವು. ಸ್ಲೈಡ್ ಪೂರ್ತಿ ಎದ್ದ ಮೇಲೆ ಕಾಲಿನ ಭಾರ ಆ ಬೋಲ್ಟ್ ಮೇಲೆ ಬೀಳಬೇಕು. ಕೇಬಲ್ ಮೇಲೆ ಬಿದ್ದರೆ ಎಳೆದು ಎಳೆದು ಅದು ಉದ್ದ ಆಗುತ್ತದೆ.

"ಹ್ಯಾಂಡಲ್ ತಿರುವಿದ್ರ ರೇಸ್ ಏರತೈತೇನು?" ಅಂತಲೂ ಕೇಳಿದರು. ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ ಚಾಲು ಮಾಡಿ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ನಿಜವಾಗಲೂ ರೇಸ್ ಏರಿತು! ಔಟ್‌ಬೋರ್ಡಿನಲ್ಲಿ ಇಡೀ ಎಂಜಿನ್ನೇ ತಿರುಗುತ್ತದೆ, ಕೇಬಲ್ ಗಿಡ್ಡ ಇದ್ದರೆ ತಿರುವಿನಲ್ಲಿ ತಾನೇ ಎಳೆದುಕೊಳ್ಳುತ್ತದೆ. ಯೋಚಿಸಿ, ವೇಗದ ತಿರುವಿನಲ್ಲಿ ದೋಣಿ ತಾನಾಗಿ ಇನ್ನೂ ವೇಗ ಹಿಡಿದರೆ! ಎಂಜಿನ್ ಮುಂದೆ ಕೇಬಲಿಗೆ ಒಂದು ಅಗಲವಾದ ಸುತ್ತು ಬಿಟ್ಟೆವು. ಈಗ ಎಡಕ್ಕೂ ಬಲಕ್ಕೂ ಸದ್ದು ಬದಲಾಗಲ್ಲ.

ಕೇಬಲಿನ ತುದಿಯ ಬೆಸುಗೆ ಹತ್ತಿರ ಒಂದು ಎಳೆ ಕಿತ್ತು ಮುಳ್ಳಿನ ಹಾಗೆ ನಿಂತಿತ್ತು. ಉಪ್ಪು ನೀರಿನ ಕೆಲಸ. ಅದು ಕವಚಕ್ಕೆ ಸಿಕ್ಕಿಕೊಂಡರೆ ರೇಸ್ ತೆರೆದೇ ಉಳಿಯುತ್ತದೆ. ಆ ಕೇಬಲನ್ನೇ ಬಿಸಾಡಿ ಸ್ಟೇನ್‌ಲೆಸ್ ತಂತಿಯದು ಹಾಕಿದೆವು. ಕಾಲು ತೆಗೆದ ಕೂಡಲೇ ಸ್ಲೈಡ್ ಟಪ್ ಅಂತ ಬೀಳಬೇಕು. ನಿಧಾನಕ್ಕೆ ಇಳಿದರೆ ದೋಣಿ ನೀರಿಗಿಳಿಸಲ್ಲ ಅಂತ ನಿಯಮ ಮಾಡಿಕೊಂಡಿದ್ದೇವೆ. ಎಳೆದರೆ ಎಂಜಿನ್ ಆರಿಸೋ ಹುರಿ, ಅಂದರೆ ಕಿಲ್ ಕಾರ್ಡ್, ತೊಡೆಗೆ ಕಟ್ಟದೆ ಯಾರೂ ಕೂರುವಂತಿಲ್ಲ.

ಇನ್ನು ಮಿಶ್ರಣ. ಎರಡು ಪರ್ಸೆಂಟ್ ಲೆಕ್ಕ ನಮ್ಮಲ್ಲಿ ಯಾರಿಗೆ ಹೊಸದು? ಅಪ್ಪನ ಚೇತಕ್ ಸ್ಕೂಟರಿಗೂ ಅದೇ, ಲೀಟರಿಗೆ 20 ಮಿಲಿ, 50ಕ್ಕೆ 1. ಆದರೆ ಸ್ಕೂಟರಿನ 2ಟಿ ಎಣ್ಣೆ ಇಲ್ಲಿ ನಡೆಯಲ್ಲ. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆ ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದದ್ದೇ ಬೇಕು. ಅದು ಉರಿದಾಗ ಬೂದಿ ಉಳಿಸಲ್ಲ. ನಾವು ರೇಸ್ ಓಟಕ್ಕೆ ಮತ್ತೆ ಹತ್ತು ಲೀಟರಿಗೆ 300 ಮಿಲಿಗೇ ಬಂದೆವು. ಅಳೆಯೋದು ಅಕ್ಕನ ಮಗುವಿನ ಹಳೇ ಹಾಲಿನ ಬಾಟಲಿಯಲ್ಲಿ, ಗೆರೆ ಸ್ಪಷ್ಟ ಇದೆ. ಅಕ್ಕನಿಗೆ ಹೇಳಿಲ್ಲ.

ನನಗೆ ತಲೆಗೆ ಹತ್ತೋಕೆ ತಡವಾದ ಒಂದು ವಿಷಯ: ಎಣ್ಣೆ ಜಾಸ್ತಿ ಹಾಕಿದರೆ ಗಾಳಿ-ಪೆಟ್ರೋಲ್ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಜೆಟ್ಟಿನ ತೂತು ಅಷ್ಟೇ ಇರುತ್ತೆ ಅಲ್ವಾ, ಅದರಲ್ಲಿ ಎಣ್ಣೆ ಜಾಗ ಹಿಡಿದಷ್ಟು ಪೆಟ್ರೋಲ್ ಕಡಿಮೆ. ಹಾಗಾಗಿ ಎಣ್ಣೆಯ ಅಳತೆ ಒಮ್ಮೆ ಗಟ್ಟಿ ಮಾಡಿ, ಆಮೇಲೆ ಜೆಟ್ ಮುಟ್ಟಬೇಕು. ದಿನಕ್ಕೊಂದು ಅಳತೆ ಹಾಕಿದರೆ ಪ್ಲಗ್ ಬಣ್ಣ ನೋಡಿ ಪ್ರಯೋಜನ ಇಲ್ಲ.

ಮತ್ತೆ ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಗೋವಾದ ಗಾಳಿಯಲ್ಲಿ ತೇವಕ್ಕೆ ಬರವೇ? ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟರೆ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯಬಹುದು, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿನ ಪೈಪ್ ಹೀರೋದು ತಳದಿಂದ! ಅದಕ್ಕೇ ಅವತ್ತಿಗೆ ಬೇಕಾದಷ್ಟೇ ಕಲಸುತ್ತೇವೆ. ಅರ್ಧ ಪೆಟ್ರೋಲ್, ಎಣ್ಣೆ, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್. ಮಿಕ್ಕಿದ್ದು ಕಾಕಾನ ಹಳೇ ಟೂ-ಸ್ಟ್ರೋಕ್ ಗಾಡಿಗೆ. ಅದೇ ಅವರ ಫೀಸು ಅಂದುಕೊಳ್ಳಿ.

ನಾಲ್ಕನೇ ಭಾನುವಾರ ಅರ್ಧ ಕಿಲೋಮೀಟರ್ ಪೂರ್ತಿ ಪೆಡಲಿನಲ್ಲಿ ಓಡಿಸಿ, ಐಡಲ್‌ಗೆ ಇಳಿಸದೆ ಹಾಗೇ ಕಿಲ್ ಕಾರ್ಡ್ ಎಳೆದೆ. ನಿಧಾನಕ್ಕೆ ಇಳಿಸಿದರೆ ಪ್ಲಗ್ ಬಣ್ಣ ಸುಳ್ಳು ಹೇಳುತ್ತದೆ. ಝುವಾರಿ ಸೇತುವೆ ಕಡೆ ತೇಲುತ್ತಾ, ಕೈ ಸುಟ್ಟುಕೊಳ್ಳುತ್ತಾ ಎರಡೂ ಪ್ಲಗ್ ಬಿಚ್ಚಿದೆ. ಕೆಳಗಿನದು ಹುರಿದ ಶೇಂಗಾ ಸಿಪ್ಪೆಯ ಬಣ್ಣ, ಅದೇ ಬೇಕಾಗಿದ್ದದ್ದು. ಅದರ ಹಳೇ ಜೆಟ್ಟನ್ನು ಮೊದಲೇ ವಾಪಸ್ ಹಾಕಿದ್ದೆ. ಮೇಲಿನದು ಇನ್ನೂ ಒಂದು ಛಾಯೆ ಬಿಳಿ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಮುಂದಿನ ವಾರ ಅದಕ್ಕೆ ಒಂದು ನಂಬರ್ ದೊಡ್ಡ ಜೆಟ್ ಹಾಕಿ ನೋಡಬೇಕು. ಫೋನಿನ ಜಿಪಿಎಸ್ ಗಂಟೆಗೆ 58 ಕಿಲೋಮೀಟರ್ ತೋರಿಸಿತ್ತು.

ಕಾಕಾನಿಗೆ ದೋಣಿಲಿ ಒಂದು ಸುತ್ತು ಬನ್ನಿ ಅಂದೆ. "ನನಗ ಈಜು ಬರಂಗಿಲ್ಲ, ನಾ ಒಲ್ಲೆಪ್ಪಾ" ಅಂದರು. ಸ್ಪೋಕ್ ಎರಡೂ ನನ್ನ ಟೂಲ್ ಬಾಕ್ಸಿನಲ್ಲೇ ಇವೆ. ಒಂದು ಸ್ವಲ್ಪ ಬಾಗಿದೆ, ಅದೇ ಚಕ್ರದಿಂದ ಇನ್ನೊಂದು ಕೇಳಿ ತರಬೇಕು.