ಮಾಸ್ಕ್ ಸಡಿಲವಾದದ್ದನ್ನು ಕಂಡವರು

ಕೆನ್ನೆಯ ಒಳಭಾಗದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಅಮ್ಮನಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆರು ವಾರಗಳ ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆ, ನಿಗದಿಯಾಗಿತ್ತು. ನಮ್ಮ ಕಡೆ ಇದಕ್ಕೆ ಕರೆಂಟ್ ಕೊಡಿಸುವುದು ಎನ್ನುತ್ತಾರೆ. ಹಾಗಾಗಿ ಮೈಗೆ ಶಾಕ್ ಹೊಡೆಯುತ್ತದೆಯೋ ಏನೋ ಎಂಬ ಭಯ ಅಮ್ಮನಿಗೆ ಮೊದಲಿನಿಂದಲೂ ಇತ್ತು. ಆ ಭಯವನ್ನು ಬಿಡಿಸಿದವರು ಯಂತ್ರದ ಕೋಣೆಯ ಟೆಕ್ನಾಲಜಿಸ್ಟ್‌ಗಳು. ವೈದ್ಯರನ್ನು ನಾವು ನೋಡುತ್ತಿದ್ದದ್ದು ವಾರಕ್ಕೊಮ್ಮೆ. ಇವರನ್ನು ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿದಿನ.

ತಲೆ ಅಲುಗಾಡದಂತೆ ಹಿಡಿಯುವ ಮಾಸ್ಕ್ ಒಂದು ಬಗೆಯ ಪ್ಲಾಸ್ಟಿಕ್ ಜಾಲರಿ. ಬಿಸಿನೀರಿನಲ್ಲಿ ಮೆತ್ತಗಾದ ಹಾಳೆಯನ್ನು ಮುಖದ ಮೇಲೆ ಎಳೆದು ಕೂರಿಸಿದರೆ ಕೆಲವೇ ನಿಮಿಷಗಳಲ್ಲಿ ಅದು ಆ ಮುಖದ ಆಕಾರದಲ್ಲಿಯೇ ಗಟ್ಟಿಯಾಗುತ್ತದೆ. ದಿನವೂ ಅದನ್ನು ತೊಡಿಸಿ, ಅಂಚುಗಳನ್ನು ಮಂಚಕ್ಕೆ ಬಿಗಿದು, ಗೋಡೆಯಿಂದ ಬರುವ ಲೇಸರ್ ಗೆರೆಗಳನ್ನು ಮಾಸ್ಕ್ ಮೇಲಿನ ಗುರುತುಗಳಿಗೆ ಹೊಂದಿಸಿದ ಮೇಲೆಯೇ ಅವರು ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಿದ್ದರು. “ಕ್ಯಾಮೆರಾದಲ್ಲಿ ನಿಮ್ಮನ್ನೇ ನೋಡ್ತಾ ಇರ್ತೀವಿ ಅಮ್ಮಾ, ಕೈ ಎತ್ತಿದರೆ ಸಾಕು, ನಿಲ್ಲಿಸಿ ಬಂದುಬಿಡ್ತೀವಿ” ಎಂಬ ಮಾತನ್ನು ಪ್ರತಿ ಸಲವೂ, ಹಿಂದೆ ಎಂದೂ ಹೇಳಿಲ್ಲವೆಂಬಂತೆ, ಹೇಳುತ್ತಿದ್ದರು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಅಮ್ಮ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುವುದು ತಡವಾಯಿತು. ಬಾಯಿಹುಣ್ಣಿನಿಂದ ಗಂಜಿಯೂ ಇಳಿಯದೆ ಅಮ್ಮ ಸೊರಗಿದ್ದರು. ಮಾಸ್ಕ್ ಬಿಗಿಯುವಾಗ ಟೆಕ್ನಾಲಜಿಸ್ಟ್ ತನ್ನ ಬೆರಳನ್ನು ಗಲ್ಲಕ್ಕೂ ಜಾಲರಿಗೂ ನಡುವೆ ತೂರಿಸಿ ನೋಡಿದರೆ ಅದು ಸಲೀಸಾಗಿ ಒಳಗೆ ಹೋಯಿತಂತೆ. ಜೊತೆಗಾರನನ್ನು ಕರೆದು ತೋರಿಸಿ, ಯಂತ್ರದಲ್ಲಿಯೇ ಸ್ಕ್ಯಾನ್ ತೆಗೆದು ಹಳೆಯ ಚಿತ್ರದೊಂದಿಗೆ ಹೋಲಿಸಿದ ಆಕೆ, ಆ ದಿನದ ಚಿಕಿತ್ಸೆಯನ್ನು ತಡೆಹಿಡಿದು ನೇರವಾಗಿ ನಮ್ಮ ಬಳಿಗೆ ಬಂದು ವಿಷಯ ತಿಳಿಸಿದರು. ಹೊರಗೆ ಉದ್ದನೆಯ ಸಾಲು ಕಾಯುತ್ತಿತ್ತು. ಕಣ್ಣುಮುಚ್ಚಿ ಬಟನ್ ಒತ್ತಿದ್ದರೆ ಅಂದು ಕೇಳುವವರು ಯಾರೂ ಇರಲಿಲ್ಲ ಎಂಬುದನ್ನು ನೆನೆದಾಗ ಆಕೆಯ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಮೆಡಿಕಲ್ ಫಿಸಿಸಿಸ್ಟ್ ಬಂದರು. ಅಮ್ಮನಿಗೆ ಕಿರಣ ಯಾವ ಕೋನದಿಂದ, ಎಷ್ಟು ಬೀಳಬೇಕೆಂದು ಲೆಕ್ಕ ಹಾಕಿದ್ದವರು ಅವರೇ ಆದರೂ ನಾವು ಅವರ ಮುಖ ನೋಡಿದ್ದು ಅಂದೇ ಮೊದಲು. ಒಟ್ಟು 60 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣವನ್ನು ದಿನಕ್ಕೆ 2 ಗ್ರೇಯಂತೆ ಹಂಚಿರುವುದನ್ನೂ, ತಲೆ ಕೆಲವೇ ಮಿಲಿಮೀಟರ್ ಸರಿದರೂ ಬೆನ್ನುಹುರಿಗೋ ಲಾಲಾಗ್ರಂಥಿಗೋ ಲೆಕ್ಕ ಮೀರಿ ಕಿರಣ ತಾಗಬಹುದೆಂಬುದನ್ನೂ ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಒಂದು ದಿನ ತಪ್ಪಿದರೆ ರೋಗ ಮತ್ತೆ ಹೆಚ್ಚುವುದೇ ಎಂಬ ನನ್ನ ಆತಂಕವನ್ನು ವೈದ್ಯರು ತಳ್ಳಿಹಾಕಲಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಲಂಬಿಸುವುದು ಒಳ್ಳೆಯದಲ್ಲವೆಂದು ಒಪ್ಪಿಕೊಂಡು, ಅದೇ ದಿನ ಹೊಸ ಮಾಸ್ಕ್ ಮಾಡಿಸಿ ಸಿಟಿ ಸ್ಕ್ಯಾನ್ ಮಾಡಿಸುವುದಾಗಿಯೂ, ತಪ್ಪಿದ ಸರದಿಯನ್ನು ಶನಿವಾರ ತುಂಬಿಕೊಡುವುದಾಗಿಯೂ ಹೇಳಿದರು.

ತೂಕ ಇಳಿಯುವುದು ನಿಲ್ಲದಿದ್ದರೆ ಹೊಸ ಮಾಸ್ಕ್ ಕೂಡ ಸಡಿಲವಾಗುತ್ತಿತ್ತು. ಆದ್ದರಿಂದ ಸಂಜೆ ಅಮ್ಮನಿಗೆ ಮೂಗಿನ ಮೂಲಕ ರೈಲ್ಸ್ ಟ್ಯೂಬ್, ಅಂದರೆ ಹೊಟ್ಟೆಗೆ ಆಹಾರ ಇಳಿಸುವ ಕೊಳವೆ, ಹಾಕಿದರು. ಸೋಸಿದ ರಾಗಿ ಗಂಜಿಯನ್ನು ಸಿರಿಂಜ್‌ನಲ್ಲಿ ನಿಧಾನವಾಗಿ ಬಿಡುವುದನ್ನೂ, ಕುಳಿತ ಭಂಗಿಯಲ್ಲಿಯೇ ಕೊಡುವುದನ್ನೂ, ಕೊನೆಗೆ ನೀರು ಹಾಯಿಸಿ ಕೊಳವೆ ಕಟ್ಟದಂತೆ ನೋಡಿಕೊಳ್ಳುವುದನ್ನೂ ನರ್ಸ್ ನನ್ನ ಕೈಯಲ್ಲಿಯೇ ಮಾಡಿಸಿ ಕಲಿಸಿದರು. ಮೂಗಿಗೆ ಕೊಳವೆ ಎಂದರೆ ಕೊನೆಗಾಲ ಎಂದೇ ನಂಬಿದ್ದ ಅಮ್ಮ, ಈಗಾಗಲೇ ಕೊಳವೆ ತೆಗೆಸಿಕೊಂಡಿದ್ದ ಮತ್ತೊಬ್ಬ ರೋಗಿಯನ್ನು ನರ್ಸ್ ಕರೆತಂದು ಮಾತಾಡಿಸಿದ ಮೇಲೆಯೇ ಒಪ್ಪಿದ್ದು.

ಬಿಡುಗಡೆಯ ಕಾಗದದಲ್ಲಿ ವೈದ್ಯರ ಹೆಸರು ಮಾತ್ರ ಇತ್ತು. ಟೆಕ್ನಾಲಜಿಸ್ಟ್, ಫಿಸಿಸಿಸ್ಟ್, ನರ್ಸ್ ಯಾರ ಹೆಸರೂ ಇರಲಿಲ್ಲ. ಚಿಕಿತ್ಸೆ ಶುರುವಾಗುವ ಮುನ್ನವೇ ಇವರೆಲ್ಲರನ್ನೂ ಹೆಸರು ಹೇಳಿ, ಯಾವ ತೊಂದರೆಗೆ ಯಾರನ್ನು ಕೇಳಬೇಕೆಂದು ತಿಳಿಸಿ ರೋಗಿಗೆ ಪರಿಚಯಿಸುವುದು ಆಸ್ಪತ್ರೆಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಊಟ ಸೇರುತ್ತಿಲ್ಲವೆಂಬುದನ್ನು ವಾರದ ತಪಾಸಣೆಯವರೆಗೆ ಮುಚ್ಚಿಟ್ಟುಕೊಳ್ಳುತ್ತಿದ್ದ ಅಮ್ಮ, ಆ ದಿನದ ನಂತರ ಮಂಚ ಏರುವ ಮುನ್ನವೇ ಟೆಕ್ನಾಲಜಿಸ್ಟ್‌ಗೆ ಹೇಳತೊಡಗಿದರು.